ಭಾರವಿಲ್ಲದ ಕಾಲು

ನಾನು ಹುಟ್ಟುವಾಗ ಕಾಲು ಮುಂದೆ ಬಂತಂತೆ. ತಲೆ ಬಂದದ್ದು ಆಮೇಲೆ, ಅದೂ ಸೂಲಗಿತ್ತಿ ಪಟ್ಟಲಮ್ಮ ಬೈದುಕೊಂಡು ಎಳೆದದ್ದಕ್ಕೆ. ಎಲ್ಲ ವಿಷಯದಲ್ಲೂ ನನ್ನ ತಲೆ ತಡವಾಗಿ ಓಡುವುದಕ್ಕೆ ಇದೇ ಕಾರಣ ಎಂದು ನಮ್ಮವ್ವ ಇವತ್ತಿಗೂ ಹೇಳುತ್ತಾಳೆ. ಓದಿನಲ್ಲಿ ನಾನು ಪರೀಕ್ಷೆಗೆ ಕೂತಷ್ಟು ಸಲವೂ ಎದ್ದು ಬಂದವನು. ಆದರೇನು, ಹುಟ್ಟುತ್ತಲೇ ಒಂದು ವಿದ್ಯೆ ಕಾಲಿಗೆ ಅಂಟಿಕೊಂಡಿತ್ತು.

ನಮ್ಮ ಮಳವಳ್ಳಿ ಕಡೆ ಕಾಲು ಮುಂದಾಗಿ ಹುಟ್ಟಿದವರ ಪಾದಕ್ಕೆ ಗುಣವಿದೆ ಎಂಬ ನಂಬಿಕೆ. ಸೊಂಟ ಹಿಡಿದವರು, ಬೆನ್ನು ಉಳುಕಿದವರು ಭಾನುವಾರ ಬೆಳಗಾಗುತ್ತಲೇ ಬಾಯಿ ಮುಕ್ಕಳಿಸುವ ಮೊದಲು ಬಾಗಿಲ ಹೊಸಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು. ನಮ್ಮಂಥವರು ಬಾಗಿಲವಾಡ ಹಿಡಿದುಕೊಂಡು ಎಡಗಾಲಲ್ಲಿ ಬೆನ್ನು ತುಳಿಯಬೇಕು. ತುಳಿದಾದ ಮೇಲೆ, ದೊಡ್ಡವರಿಗೆ ಕಾಲು ತಾಗಿಸಿದ ಪಾಪ ಹೋಗಲೆಂದು ಅವರಿಗೇ ಅಡ್ಡಬೀಳಬೇಕು. ಇನ್ನೂ ಒಂದು ಕಟ್ಟಳೆ ಉಂಟು. ಒಬ್ಬನ ಕಾಲು ತಾಗಿದ ಬೆನ್ನಿಗೆ ಮುಂದಿನ ಭಾನುವಾರದವರೆಗೆ ಇನ್ನೊಬ್ಬನ ಕಾಲು ತಾಗುವಂತಿಲ್ಲ. ತಾಗಿತೋ, ಆ ನೋವು ತುಳಿದವನ ಸೊಂಟಕ್ಕೇ ಹತ್ತಿಕೊಳ್ಳುತ್ತದೆ.

ನಾನು ಆಗ ಮಳವಳ್ಳಿಗೂ ಮದ್ದೂರಿಗೂ ಓಡಾಡುವ ಬಸ್ಸಿನಲ್ಲಿ ಕಂಡಕ್ಟರ್. ಲಡಾಯಿಯ ಕಾಲ, ಪೆಟ್ರೋಲು ಕಣ್ಣಿಗೆ ಕಾಣುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂದೆನಲ್ಲ, ಅದು ಮರ್ಯಾದೆಯ ಮಾತು. ದಿಣ್ಣೆ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಮದ್ದೂರು ಸೇರುವ ಹೊತ್ತಿಗೆ ಎಲ್ಲರ ಮುಖವೂ ಒಂದೇ ಬಣ್ಣ. ಆ ಮಸಿ, ಆ ಹೊಗೆ, ಚಿಕ್ಕರಸಿನಕೆರೆ ಸಂತೆಗೆ ಹೋಗುವ ಕೋಳಿಗಳ ಗಲಾಟೆ ಈಗ ಇನ್ನೊಂದು ಸಲ ಸಿಕ್ಕರೆ ಸಾಕು ಎನಿಸುತ್ತದೆ. ಆಗ ಮಾತ್ರ ದಿನಾ ಬೈಯುತ್ತಿದ್ದೆ. ಬಸ್ಸಿನಲ್ಲಿ ಟಿಕೆಟ್ ಕೇಳುವವರಿಗಿಂತ "ಕಂಡಕ್ಟ್ರಪ್ಪ, ಈ ಭಾನುವಾರ ಬಂದು ವಸಿ ತುಳುದ್ಬುಟ್ಟು ಹೋಗು" ಎನ್ನುವವರೇ ಹೆಚ್ಚು. ಮೈಯಲ್ಲಿ ಮಾಂಸವಿಲ್ಲದ ನನ್ನಂಥ ಕಡ್ಡಿಯ ಕಾಲಿಗೆ ಇಷ್ಟು ಗಿರಾಕಿ!

ಇದನ್ನು ನೋಡಿ ನಗುತ್ತಿದ್ದ ಒಬ್ಬನೇ ಮನುಷ್ಯ ನಮ್ಮ ಬಸ್ಸಿನ ಹುಚ್ಚೀರಯ್ಯ.

ಹುಚ್ಚೀರಯ್ಯನದು ಎರಡು ಕೆಲಸ. ಬೆಳಿಗ್ಗೆ ಎದ್ದು ಇದ್ದಿಲ ಒಲೆ ಹೊತ್ತಿಸಿ, ಹಿಡಿ ತಿರುಗಿಸಿ ಗಾಳಿ ಊದಿ ಬಸ್ಸನ್ನು ಎಬ್ಬಿಸುವುದು. ಆಮೇಲೆ ದಾರಿಯುದ್ದಕ್ಕೂ ಟಾಪಿನ ಮೇಲೆ ಮೂಟೆ ಏರಿಸುವುದು, ಇಳಿಸುವುದು. ಬಸ್ಸು ಬರುವುದಕ್ಕೆ ಮುಂಚೆ ಅವನು ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಬಸ್ಸು ಬಂದು ಗಾಡಿಯ ಬಾಡಿಗೆ ತಿಂದಿತು. ಎತ್ತುಗಳನ್ನು ಮಾರಿ ಅಳುತ್ತ ಬಸ್ಸಿನ ಕೆಲಸಕ್ಕೆ ಸೇರಿದನಂತೆ. ಸೇರಿದವನು ಬಸ್ಸನ್ನೂ ಎತ್ತೆಂದೇ ತಿಳಿದುಬಿಟ್ಟ. ಬೆಳಿಗ್ಗೆ ಬಂದವನು ಮೊದಲು ಅದರ ಬಾನೆಟ್ಟು ತಟ್ಟಿ ಮಾತಾಡಿಸಬೇಕು. ದಿಣ್ಣೆ ಏರುವಾಗ ಟಾಪಿನ ಮೇಲಿಂದ "ಹೋ... ಹೋ... ಬಾ ನನ್ ಕಂದ, ಇನ್ನೊಂದ್ ಮಾರು" ಎಂದು ಹುರಿದುಂಬಿಸುತ್ತಿದ್ದ. ಡ್ರೈವರ್ ರಾಮಲಿಂಗಯ್ಯ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರೂ ಬಸ್ಸು ದಿಣ್ಣೆ ಏರಿದ ಕೀರ್ತಿ ಹುಚ್ಚೀರಯ್ಯನಿಗೇ.

ಅವನಿಗೆ ಐವತ್ತು ದಾಟಿತ್ತು. ಆದರೂ ಮರದ ನೇಗಿಲನ್ನು ಒಂದೇ ಕೈಯಲ್ಲಿ ಎತ್ತಿ ಟಾಪಿಗೆ ಎಸೆಯುತ್ತಿದ್ದ. ಒಂದು ಸಲ ಮದ್ದೂರಿನಲ್ಲಿ ಹೆಂಗಸೊಬ್ಬಳು ಬೀಸುವ ಕಲ್ಲು ತಂದಳು. ನಾವೆಲ್ಲ ಯಾರು ಹಿಡಿಯುವುದು, ಹೇಗೆ ಹಿಡಿಯುವುದು ಎಂದು ಮಾತಾಡುತ್ತಿರುವಾಗ ಅವನು ಅದನ್ನು ಹೆಗಲಿಗಿಟ್ಟು ಏಣಿ ಹತ್ತಿ ಆಗಿತ್ತು. ನನಗೆ ಅವನು ಇಟ್ಟಿದ್ದ ಹೆಸರು ಕಾಲಪ್ಪ.

"ಏನ್ಲಾ ಕಾಲಪ್ಪ, ಇವತ್ತು ಎಷ್ಟ್ ಜನದ್ ಸೊಂಟ ಮುರ್ದೆ?"

"ನಿನ್ ಸೊಂಟಾನೂ ಒಂದಿನ ನನ್ ಕಾಲ್ ಕೆಳಕ್ ಬತ್ತದೆ, ಇರು ಮಾವ."

"ನನ್ದು ಸೊಂಟ ಕಣ್ಲಾ, ಪಡವಲಕಾಯಲ್ಲ."

ಅವನು ನನಗೆ ರಕ್ತ ಸಂಬಂಧವೇನೂ ಅಲ್ಲ. ಊರಿನ ವರಸೆಯಲ್ಲಿ ಮಾವ, ಅವನ ಹೆಂಡತಿ ಚಿಕ್ಕನಂಜಮ್ಮ ಅತ್ತೆ. ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಹುಣಸೆಮರದ ಹಿಂದೆಯೇ ಅವರ ಮನೆ. ನನ್ನ ಬೆಳಗಿನ ರೊಟ್ಟಿ ಎಷ್ಟೋ ದಿನ ಆ ಮನೆಯದೇ.

ಲಡಾಯಿ ಮುಗಿಯುವುದಕ್ಕೆ ಒಂದು ವರ್ಷ ಮುಂಚೆ ಹುಚ್ಚೀರಯ್ಯ ಬಿಳಿಚಿಕೊಳ್ಳತೊಡಗಿದ. ಇದ್ದಿಲ ಮಸಿಯ ಕೆಳಗೆ ಯಾರು ನೋಡಿದರು? ಮಧ್ಯಾಹ್ನ ಟಾಪಿನ ಮೇಲೆ ಮಲಗಿದರೆ ಏಳುತ್ತಿರಲಿಲ್ಲ. ಕಂಡ ಕಂಡ ಕಡೆ ನೀರು ಕುಡಿಯುತ್ತಿದ್ದ. ಮೂಟೆ ಎತ್ತುವಾಗ ಬೆನ್ನಿಗೆ ಕೈ ಹೋಗುತ್ತಿತ್ತು. ಒಂದು ದಿನ ಕಬ್ಬಿಣದ ಏಣಿಯ ಬುಡದಲ್ಲಿ ತೆಂಗಿನಕಾಯಿಯ ಮೂಟೆಯನ್ನು ಹೆಗಲಿಗೆ ಎಳೆದುಕೊಂಡ, ಅಷ್ಟೇ. ಒಣಗಿದ ಕಡ್ಡಿ ಮುರಿದಂಥ ಸದ್ದು ನನಗೂ ಕೇಳಿಸಿತು. ಭುಜದ ಮುಂದಿನ ಮೂಳೆ ಮುರಿದಿತ್ತು. ಬಿದ್ದಿರಲಿಲ್ಲ, ಪೆಟ್ಟು ತಗುಲಿರಲಿಲ್ಲ. ದಿನಾ ಎತ್ತುವ ಮೂಟೆಯೇ.

ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು ಮೆತ್ತಿ ಪಟ್ಟಿ ಕಟ್ಟಿದರು. ಅದು ಕೂಡಿಕೊಳ್ಳುವ ಮೊದಲೇ, ಒಂದು ಬೆಳಿಗ್ಗೆ ಒಲೆಯ ಹೊಗೆಗೆ ಕೆಮ್ಮಿದವನು ಪಕ್ಕೆ ಹಿಡಿದುಕೊಂಡು ಕೂತುಬಿಟ್ಟ. ಕೆಮ್ಮಿದ್ದಕ್ಕೆ ಪಕ್ಕೆಲುಬು ಮುರಿದಿತ್ತು. ಊರಿನಲ್ಲಿ ದೃಷ್ಟಿ ಎಂದರು, ದೇವರ ಹರಕೆ ಮರೆತಿದ್ದಾನೆ ಎಂದರು. ಬೆನ್ನು ನೋವಿನ ಮಾತು ಬಂದಾಗ ಮಾತ್ರ ಎಲ್ಲರದೂ ಒಂದೇ ಮಾತು: ಮನೆ ಮುಂದೆಯೇ ಕಂಡಕ್ಟರ್ ಅವನೆ, ತುಳಿಸಬಾರದಾ?

ಒಂದು ಸಂಜೆ ಹುಚ್ಚೀರಯ್ಯನೇ ನನ್ನನ್ನು ಮರದ ಹಿಂದಕ್ಕೆ ಕರೆದ. ನನ್ನ ಮುಖ ನೋಡಲಿಲ್ಲ.

"ಲೇ ಕಾಲಪ್ಪ. ಬರೋ ಭಾನುವಾರ ಬಂದು ಒಂದ್ಸಲ ತುಳಿಯೋ."

ನಾನು ಕಾದಿದ್ದ ಗಳಿಗೆ ಅದು. ಪಡವಲಕಾಯಿಯ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟು "ಬತ್ತೀನಿ ಮಾವ" ಎಂದೆ.

ಆ ಭಾನುವಾರ ನಾನು ಹೋಗಲಾಗಲಿಲ್ಲ. ಹಿಂದಿನ ಸಂಜೆ ಮದ್ದೂರಿನಲ್ಲಿ ಬಸ್ಸು ಮಲಗಿಬಿಟ್ಟಿತು. ಒಲೆ ಊದಲು ಹುಚ್ಚೀರಯ್ಯ ಇರಲಿಲ್ಲ. ರಾಮಲಿಂಗಯ್ಯ ಊದಿದ, ನಾನು ಊದಿದೆ, ಅದು ನಮ್ಮ ಮುಖಕ್ಕೇ ಹೊಗೆ ಊದಿತು. ಭಾನುವಾರ ಮಧ್ಯಾಹ್ನದವರೆಗೂ ಅಲ್ಲೇ ಕೂತು ಆ ಬಸ್ಸಿನ ವಂಶವನ್ನೆಲ್ಲ ಬೈದೆ. ಅದು ತನ್ನ ಅಪ್ಪನನ್ನು ಉಳಿಸುತ್ತಿದೆ ಎಂದು ನನಗೇನು ಗೊತ್ತು? ತಲೆ ತಡವಾಗಿ ಬಂದವನು.

ಮಾರನೆಯ ದಿನ ಮಳವಳ್ಳಿ ಆಸ್ಪತ್ರೆಯ ಡಾಕ್ಟರು, ಕೆಮ್ಮಿಗೆ ಮೂಳೆ ಮುರಿದದ್ದು ಸರಿಯಿಲ್ಲ ಎಂದು ಮೈಸೂರಿಗೆ ಕಳಿಸಿದರು. ಜೊತೆಗೆ ನಾನು ಹೋದೆ. ಆ ದಿನ ರಾಮಲಿಂಗಯ್ಯನೇ ಬಸ್ಸು ಓಡಿಸಿ ಟಿಕೆಟ್ಟೂ ಕೊಟ್ಟನಂತೆ; ಕಂಡಕ್ಟರ್ ಇಲ್ಲ ಎಂದು ಯಾರೂ ಕೇಳಲಿಲ್ಲವಂತೆ. ಬನ್ನೂರಿನ ಮೇಲೆ ಮೈಸೂರಿನವರೆಗೆ ಒಂದೊಂದು ಹಳ್ಳಕ್ಕೂ ಹುಚ್ಚೀರಯ್ಯ ಟವಲ್ಲು ಕಚ್ಚಿಕೊಂಡಿದ್ದ. ಬೇರೆ ಬಸ್ಸು, ಪೆಟ್ರೋಲಿನದು. "ಓಟ ಚೆಂದಾಗದೆ, ನಡತೆ ಇಲ್ಲ" ಎಂದು ಅದಕ್ಕೂ ಒಂದು ಮಾತು ಹೇಳಿದ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ ನೋಡಿದರು. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ನನ್ನನ್ನು ಒಳಗೆ ಕರೆದು ಕಿಟಕಿಯ ಬೆಳಕಿಗೆ ಪ್ಲೇಟು ಹಿಡಿದು ತೋರಿಸಿದರು. ತಲೆಬುರುಡೆಯಲ್ಲಿ, ಪಕ್ಕೆಲುಬಿನಲ್ಲಿ ದುಂಡನೆಯ ಕಪ್ಪು ತೂತುಗಳು. ಯಾರೋ ಟಿಕೆಟ್ಟಿಗೆ ತೂತು ಹೊಡೆದ ಹಾಗೆ. ನನ್ನ ಕೈ ಜೇಬಿನಲ್ಲಿದ್ದ ಪಂಚಿನ ಮೇಲೆ ಹೋಯಿತು.

"ಮೂಳೆಯೊಳಗೆ ಮಜ್ಜೆ ಇರುತ್ತಲ್ಲಪ್ಪ, ಅಲ್ಲೇ ಹುಟ್ಟಿದ ರೋಗ ಇದು. ಮೈಲೋಮ ಅಂತೀವಿ, ಕ್ಯಾನ್ಸರಿನ ಜಾತಿ. ಒಳಗಿಂದ ಮೂಳೆ ತಿಂದುಕೊಂಡು ಬರುತ್ತೆ. ಮೇಲಿಂದ ನೋಡಿದರೆ ಏನೂ ಗೊತ್ತಾಗೋಲ್ಲ. ರೋಗಕ್ಕೆ ಸದ್ಯ ನಮ್ಮಲ್ಲಿ ಮದ್ದಿಲ್ಲ. ನೋವಿಗೆ ಕೊಡ್ತೀನಿ."

"ಏನು ಮಾಡ್ಬೇಕು ಸ್ವಾಮಿ?"

"ಭಾರ ಎತ್ತಬಾರದು. ಬೀಳಬಾರದು. ಹಾಗಂತ ಹಾಸಿಗೆ ಹಿಡಿಸಬೇಡಿ, ನಿಧಾನವಾಗಿ ಓಡಾಡಲಿ. ನೀರು ಚೆನ್ನಾಗಿ ಕುಡೀಲಿ. ಮುಖ್ಯ, ಬೆನ್ನುಮೂಳೆ ಬಹಳ ಸೋತಿದೆ. ಅದನ್ನ ಒತ್ತೋದು, ತಿಕ್ಕೋದು ಕೂಡದು. ನಿಮ್ಮ ಕಡೆ ಕಾಲಲ್ಲಿ ತುಳಿಸೋ ಒಂದು ಹುಚ್ಚು ಇದೆಯಂತಲ್ಲ? ಯಾವನಾದರೂ ಈ ಬೆನ್ನು ತುಳಿದರೆ ಮೂಳೆ ಕುಸಿದು ನರ ಹಿಸುಕುತ್ತೆ. ಆಮೇಲೆ ಇವನಿಗೆ ಎರಡು ಕಾಲೂ ಇಲ್ಲ."

ನಾನು ಎಡಗಾಲನ್ನು ಮೆಲ್ಲನೆ ಬೆಂಚಿನ ಕೆಳಕ್ಕೆ ಎಳೆದುಕೊಂಡೆ.

ಹೊರಗೆ ಕಟ್ಟೆಯ ಮೇಲೆ ಹುಚ್ಚೀರಯ್ಯ ಕಾಯುತ್ತಿದ್ದ. ರೋಗದ ಹೆಸರು ಹೇಳಲಿಲ್ಲ. ಮೂಳೆ ತೆಳ್ಳಗಾಗಿದೆ, ಭಾರ ಎತ್ತಬಾರದಂತೆ, ಬೆನ್ನು ತುಳಿಸಬಾರದಂತೆ, ತುಳಿಸಿದರೆ ಕಾಲು ಹೋಗುತ್ತದಂತೆ ಎಂದೆ. ಅವನು ಬೀದಿಯ ಜಟಕಾಗಳ ಕುದುರೆ ನೋಡುತ್ತ ಅಂದ:

"ಕುಟ್ಟೆ ಹುಳ ಹಿಡ್ದಿರೋ ನೊಗ ಅನ್ನು. ಮೇಲ್ ನೋಡುದ್ರೆ ಎಣ್ಣೆ ಸವ್ರುದಂಗಿರ್ತದೆ, ಕಟ್ಟುದ್ರೆ ಲಟಕ್ ಅಂತದೆ." ಆಮೇಲೆ ಅಂದ: "ಸಾಯೋದ್ ಇರ್ಲಿ ಕಣ್ಲಾ, ಎಲ್ರೂ ಸಾಯ್ತರೆ. ಜೀವಮಾನೆಲ್ಲ ನಾನು ಎತ್ತಿವ್ನಿ. ನನ್ನ ಇನ್ನೊಬ್ರು ಎತ್ಕಂಡ್ ಓಡಾಡಂಗ್ ಆಗ್ಬಾರ್ದು. ಕಾಲೊಂದ್ ಇರ್ಲಿ."

ಅವನು ಕೇಳಿದ್ದು ಅಷ್ಟೇ.

ಮನೆಯಲ್ಲಿ ಕೂರುವ ಜೀವ ಅಲ್ಲ ಅದು. ದಿನಾ ಬೆಳಿಗ್ಗೆ ನಡೆದು ಬಂದು ಬಾನೆಟ್ಟು ತಟ್ಟಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಚಿಕ್ಕನಂಜಮ್ಮ ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ ಹೊಲಿದು ಅವನಿಗೊಂದು ಮೆತ್ತೆ ಮಾಡಿದ್ದಳು. ಒಲೆ ಹೊತ್ತಿಸುವುದು ಈಗ ನನ್ನ ಕೆಲಸ. ಅವನು ಕೂತಲ್ಲಿಂದಲೇ "ಊದೋ ಕಾಲಪ್ಪ, ಬಾಯಲ್ಲಿ ಊದ್ತಿಯಲ್ಲ, ಹಂಗ್ ಊದು" ಎಂದು ಹೇಳಿಕೊಡುತ್ತಿದ್ದ. ದೇವರಿಗೂ ಬ್ರೇಕು ಹಾಕದ ರಾಮಲಿಂಗಯ್ಯ ಒಂದೊಂದು ಮೋರಿಯ ಮುಂದೂ ಬಸ್ಸನ್ನು ತುಂಬಿದ ಕೊಡದ ಹಾಗೆ ಇಳಿಸಿ ಹತ್ತಿಸುತ್ತಿದ್ದ.

"ಏನ್ ಡ್ರೈವರ್ರೇ, ಮದ್ದೂರ್ಗೆ ಓಯ್ತಿರೋದಾ ಇಲ್ಲ ದಿಬ್ಬಣ ಕರ್ಕಂಡ್ ಓಯ್ತಿರೋದಾ?" ಎಂದು ಜನ ಕೂಗುತ್ತಿದ್ದರು.

"ಅರ್ಜೆಂಟ್ ಇದ್ರೆ ಇಳ್ದು ನಡೀರಿ. ಮುಂದೋಗಿ ನಮ್ಗೂ ಕಾಫಿ ಯೋಳಿ" ಎನ್ನುತ್ತಿದ್ದ ರಾಮಲಿಂಗಯ್ಯ.

ಆದರೆ ಊರಿನ ಕಣ್ಣಿಗೆ ನಾನು ಕೆಟ್ಟೆ. ಕಂಡಕ್ಟರಿಗೆ ಕೊಬ್ಬು ಬಂದಿದೆ, ಸಂಬಳದ ಕಾಲು ಬಡವನ ಬೆನ್ನಿನ ಮೇಲೆ ಇಳಿಯುವುದಿಲ್ಲ ಎಂದರು. ಡಾಕ್ಟರ ಮಾತನ್ನು ನಾನು ಚಿಕ್ಕನಂಜಮ್ಮನಿಗೂ ಹೇಳಿದ್ದೆ. ಆದರೆ ರೊಟ್ಟಿ ಕೊಡುವಾಗ ನನ್ನ ಕಾಲು ನೋಡುತ್ತಿದ್ದಳು. ಗಂಡ ನೋವಿನಲ್ಲಿ ನರಳುವುದನ್ನು ದಿನಾ ಕೇಳುವವಳಿಗೆ ಕಿಟಕಿಗೆ ಹಿಡಿದ ಒಂದು ಕಪ್ಪು ಪ್ಲೇಟಿನ ಮಾತು ಎಷ್ಟು ದಿನ ನಿಂತೀತು?

ಒಂದು ಭಾನುವಾರ ಇನ್ನೂ ಚೆನ್ನಾಗಿ ಬೆಳಕಾಗಿರಲಿಲ್ಲ. ರಾಮಲಿಂಗಯ್ಯ ನಮ್ಮ ಮನೆ ಬಾಗಿಲು ಗುದ್ದಿದ.

"ಲೇ ಮರಿಸಿದ್ದ, ಎದ್ದೇಳ್ಲಾ! ಚಿಕ್ಕನಂಜಮ್ಮನ ತಮ್ಮ ತಿಮ್ಮಯ್ಯ ಮುತ್ತತ್ತಿಯಿಂದ ಯಾವನನ್ನೋ ಕರ್ಕಂಡ್ ಬಂದವ್ನೆ. ತುಳಿಯೋಕೆ!"

ಪಂಚೆ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಅಲ್ಲಿ ಹುಚ್ಚೀರಯ್ಯ ಆಗಲೇ ಹೊಸಿಲಿಗೆ ಅಡ್ಡ ಬೋರಲು ಮಲಗಿದ್ದ. ಹೆಂಡತಿಯ ಕಣ್ಣೀರಿಗೆ ಇಲ್ಲವೆನ್ನಲಾಗದೆ ಮಲಗಿದ್ದನೋ, ಅವನಿಗೇ ಒಂದು ಆಸೆ ಹುಟ್ಟಿತ್ತೋ. ಎರಡೂ ಇರಬೇಕು. ಜಗಲಿಯ ಮೇಲೆ ಮುತ್ತತ್ತಿಯ ಪುಟ್ಟಮಾದಯ್ಯ ಪಂಚೆ ಎತ್ತಿ ಕಟ್ಟುತ್ತಿದ್ದ. ಕಾವೇರಿಯಲ್ಲಿ ಹರಿಗೋಲು ಹಾಕುವ ಆಳು. ಅವನ ಒಂದು ತೊಡೆ ನನ್ನ ಇಡೀ ಮೈ. ಅವನೂ ಕಾಲು ಮುಂದಾಗಿ ಹುಟ್ಟಿದವನಂತೆ. ಅವನ ಅವ್ವನ ಕಷ್ಟ ನೆನೆದು ಅಂಥ ಹೊತ್ತಿನಲ್ಲೂ ನನಗೆ ಮರುಕ ಬಂತು.

"ಬ್ಯಾಡ ಬ್ಯಾಡ!" ಎಂದೆ. "ಡಾಕ್ಟ್ರು ಬ್ಯಾಡ ಅಂದವ್ರೆ!"

"ಡಾಕ್ಟ್ರು ಕಾಲ್ ಮುಂದಾಗಿ ಹುಟ್ಟವ್ರಾ?" ಎಂದ ತಿಮ್ಮಯ್ಯ.

ಸೇರಿದ್ದವರು ನಕ್ಕರು.

"ತುಳಿದ್ರೆ ಕಾಲ್ ಹೋಯ್ತದೆ ಕಣಣ್ಣ. ಮೈಸೂರಲ್ಲಿ ಫೋಟ ತೆಗ್ದು ನೋಡವ್ರೆ. ಮೂಳೆಯೆಲ್ಲ ತೂತು."

"ನೀನಂತೂ ತುಳೀಲಿಲ್ಲ. ತುಳಿಯೋನ್ನೂ ತಡೀತೀಯ. ನಮ್ ಭಾವ ನರಳ್ತಾ ಇರೋದು ನಿಂಗೆ ತಮಾಸೆಯಾ?"

ಚಿಕ್ಕನಂಜಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. "ಒಂದ್ಸಲ ನೋಡ್ಬುಡಾನ ಬುಡು ಮಗ" ಎಂದಳು. ಪುಟ್ಟಮಾದಯ್ಯ ಒಳ್ಳೆಯ ಮನುಷ್ಯನ ಹಾಗೆ ಕಂಡ. ಮಲಗಿದ್ದವನಿಗೆ ಕೈಮುಗಿದು ಎಡಗಾಲು ಮುಂದಿಟ್ಟ.

ಆಗ ನನ್ನ ತಲೆ, ಹುಟ್ಟಿದಂದಿನಿಂದ ಮೊದಲ ಸಲ, ಹೊತ್ತಿಗೆ ಸರಿಯಾಗಿ ಬಂತು. ಒಂದೇ ಬೆನ್ನಿಗೆ ಇಬ್ಬರ ಕಾಲು ತಾಗದ ಕಟ್ಟಳೆ ನೆನಪಾಯಿತು. ಪುಟ್ಟಮಾದಯ್ಯನ ಕಂಕುಳ ಕೆಳಗಿಂದ ನುಗ್ಗಿ, ಹಾರಿ ಬಾಗಿಲವಾಡದ ಮೇಲಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಮೈಯನ್ನೆಲ್ಲ ರಟ್ಟೆಗೆ ತೂಗುಹಾಕಿ, ಎಡಗಾಲನ್ನು ಹುಚ್ಚೀರಯ್ಯನ ಬೆನ್ನಿನ ಮೇಲಿಟ್ಟೆ. ಇಟ್ಟೆ ಅಂದರೆ, ಎಲೆಯ ಮೇಲೆ ನೊಣ ಕೂತ ಹಾಗೆ. ಹೆಬ್ಬೆರಳಿಗೆ ಅವನ ಮೈಯ ಬಿಸಿ ತಾಗಿತು. ಬೆನ್ನುಮೂಳೆಯ ಗಿಣ್ಣುಗಳು ಒಂದೊಂದಾಗಿ ಗೊತ್ತಾದವು. ಬೀಸುವ ಕಲ್ಲು ಹೊತ್ತು ಏಣಿ ಹತ್ತಿದ ಬೆನ್ನು ಅದು. ಕೈ ಜಾರಿದರೆ ಮುಗಿಯಿತು.

ಹುಚ್ಚೀರಯ್ಯನ ಕುತ್ತಿಗೆ ಸ್ವಲ್ಪ ಹೊರಳಿತು. ನನ್ನ ಕಾಲಿನಲ್ಲಿ ಭಾರವಿಲ್ಲ ಎಂದು ಜೀವಮಾನವೆಲ್ಲ ಭಾರ ಎತ್ತಿದವನಿಗೆ ಗೊತ್ತಾಗದೆ ಇರುತ್ತದೆಯೇ? ನಿಜ ಹೇಳಿಬಿಟ್ಟರೆ ಪುಟ್ಟಮಾದಯ್ಯನ ಕಾಲು ಇಳಿಯುತ್ತದೆ.

"ಅಯ್ಯಯ್ಯಪ್ಪಾ!" ಎಂದು ಅವನು ಕೂಗಿದ ರಭಸಕ್ಕೆ ಮರದ ಕಾಗೆಗಳೆಲ್ಲ ಎದ್ದವು. "ಮೆತ್ತಗ್ ತುಳಿಯೋ ಕಾಲಪ್ಪ! ಏನ್ ಭಾರವೋ ನಿನ್ ಕಾಲು! ಗಾಡಿ ಚಕ್ರ ಹರ್ದಂಗ್ ಆಯ್ತಲ್ಲೋ!"

ಸೇರಿದವರೆಲ್ಲ ನನ್ನ ಕಡ್ಡಿ ಕಾಲನ್ನು ಭಕ್ತಿಯಿಂದ ನೋಡಿದರು. ಪುಟ್ಟಮಾದಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಇನ್ ನಾನ್ ಮುಟ್ಟಂಗಿಲ್ಲ ಕಣ್ ತಿಮ್ಮಯ್ಯ. ಮುಟ್ಟುದ್ರೆ ಇವ್ರ್ ನೋವು ನಂಗ್ ಬತ್ತದೆ. ನಾಳೆ ಹರಿಗೋಲ್ ಯಾವನ್ ಹಾಕನು?" ಎಂದು ಪಂಚೆ ಇಳಿಸಿದ.

ನಾನು ಬಾಗಿಲವಾಡ ಬಿಟ್ಟು ಇಳಿದು ಅಡ್ಡಬಿದ್ದೆ. ಹುಚ್ಚೀರಯ್ಯ ಮೆಲ್ಲಗೆ ಎದ್ದು ಕೂತು ನನ್ನ ತಲೆಯ ಮೇಲೆ ಕೈಯಿಟ್ಟ. ಏನೋ ದೊಡ್ಡ ಆಶೀರ್ವಾದ ಬರುತ್ತದೆ ಎಂದುಕೊಂಡೆ.

"ಹೋಗ್ ಹೋಗು, ಒಲೆ ಊದ್ಹೋಗು" ಎಂದ.

ಅಲ್ಲಿಂದ ಭಾನುವಾರ ತಪ್ಪಲಿಲ್ಲ. ತಪ್ಪಿಸಿದರೆ ಇನ್ನೊಬ್ಬನ ಕಾಲು ಬರುತ್ತದಲ್ಲ. ಅವನು ಮಲಗುವನು, ನಾನು ನೇತಾಡುವೆನು, ಅವನು ಕೂಗುವನು. ಒಂದು ವಾರ "ಸೊಂಟದ್ ಚಳುಕು ಇಳೀತು" ಎನ್ನುವನು, ಇನ್ನೊಂದು ವಾರ "ಮೂಳೆ ಕೂತ್ಕಂತು" ಎನ್ನುವನು. ನನ್ನ ಹೆಸರು ಮಂಡ್ಯದವರೆಗೂ ಹೋಯಿತು. ಹೆಸರು ಬಂದದ್ದು ಕಾಲಿಗೆ, ದುಡಿದದ್ದು ರಟ್ಟೆ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕೈ ಎತ್ತಿ ಹಿಡಿದರೆ ಬಾಗಿಲವಾಡದ ಪಟ್ಟಿ ಮೆತ್ತಗಿತ್ತು. ನೋಡಿದರೆ, ನಾನು ಹಿಡಿಯುವ ಕಡೆ ಯಾರೋ ಹಳೆಯ ಸೀರೆಯ ತುಂಡು ಸುತ್ತಿ ದಾರದಲ್ಲಿ ಬಿಗಿದು ಕಟ್ಟಿದ್ದಾರೆ. ಮರದ ಸಿಬಿರು ಅಂಗೈಗೆ ಚುಚ್ಚದ ಹಾಗೆ. ಚಿಕ್ಕನಂಜಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಆ ಬಟ್ಟೆಯನ್ನೇ ಹಿಡಿದು ಎಡಗಾಲು ಎತ್ತಿದೆ.

ಹುಚ್ಚೀರಯ್ಯ ಅದಾದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಇದ್ದ. ತೋಳಿನ ಮೂಳೆಯೊಂದು ಹೊದಿಕೆ ಎಳೆದುಕೊಳ್ಳುವಾಗ ಹೋಯಿತು. ಆಮೇಲೆ ನನ್ನ ತಲೆಯ ಮೇಲೆ ಕೈಯಿಡಲು ಆಗುತ್ತಿರಲಿಲ್ಲ, ಬರೀ ಮಾತು ಹೇಳುತ್ತಿದ್ದ. ಮೈ ಬತ್ತಿತು, ಮುಖ ಊದಿತು, ಊಟ ಸೇರಲಿಲ್ಲ. ಆದರೆ ಬೆನ್ನು ಕುಸಿಯಲಿಲ್ಲ. ಕೊನೆಯ ದಿನದ ಬೆಳಿಗ್ಗೆಯೂ ಗೋಡೆ ಹಿಡಿದುಕೊಂಡು ತಾನೇ ಬಸ್ಸಿನವರೆಗೆ ಬಂದು ಬಾನೆಟ್ಟು ಮುಟ್ಟಿ, "ಇವತ್ತು ನೀನೇ ಹೋಗ್ಬುಟ್ ಬಾ ಕಂದ" ಎಂದು ವಾಪಸು ನಡೆದ. ನಾವು ಮದ್ದೂರಿನಿಂದ ಬರುವಷ್ಟರಲ್ಲಿ ಮುಗಿದಿತ್ತು. ಅವನನ್ನು ಬೇರೆಯವರು ಎತ್ತಿದ್ದು ಆ ಒಂದೇ ಸಲ. ಚಟ್ಟದ ಮುಂದಿನ ಬಿದಿರಿಗೆ ರಾಮಲಿಂಗಯ್ಯ ಹೆಗಲು ಕೊಟ್ಟಿದ್ದ. ದಾರಿಯಲ್ಲಿ ಹಳ್ಳ ಬಂದ ಕಡೆಯೆಲ್ಲ ಹಿಂತಿರುಗಿ "ನಿಧಾನ ಕಣ್ರೋ" ಎನ್ನುತ್ತಿದ್ದ.

ಈಗ ಸ್ವತಂತ್ರ ಬಂತು, ಪೆಟ್ರೋಲೂ ಬಂತು. ಇದ್ದಿಲ ಪೀಪಾಯಿ ಬಿಚ್ಚಿ ಗುಜರಿಗೆ ಹಾಕಿದರು. ಬಸ್ಸು ದಿಣ್ಣೆಗಳನ್ನು ಯಾರ ಬುದ್ಧಿಮಾತೂ ಇಲ್ಲದೆ ಹತ್ತುತ್ತದೆ. ನನ್ನ ಮುಖ ದಿನವೆಲ್ಲ ಬೆಳ್ಳಗಿರುತ್ತದೆ. ಕನ್ನಡಿಯಲ್ಲಿ ನೋಡಿದರೆ ಅಷ್ಟೇನೂ ಲಾಭವಾದಂತೆ ಕಾಣುವುದಿಲ್ಲ.

ಭಾನುವಾರ ಜನ ಇನ್ನೂ ಕರೆಯುತ್ತಾರೆ. ನಾನು ಮೊದಲು ಕೂತು ಕೇಳುತ್ತೇನೆ: ಬೀಳದೆ ಎಲ್ಲಾದರೂ ಮೂಳೆ ಮುರಿಯಿತೇ, ಸುಸ್ತು ಉಂಟೇ, ಬಾಯಾರಿಕೆ ಉಂಟೇ? ಹೌದು ಎಂದರೆ ಆಸ್ಪತ್ರೆಯ ದಾರಿ ತೋರಿಸುತ್ತೇನೆ. ಕಂಡಕ್ಟರಿಗೆ ಡಾಕ್ಟರ ಗಾಳಿ ಬಡಿದಿದೆ ಎನ್ನುತ್ತಾರೆ. ಇಲ್ಲ ಎಂದರೂ ಕಾಲು ಭಾರ ಬಿಡುವುದನ್ನೇ ಮರೆತಿದೆ. ಮೊದಲಿನ ಜೋರಿಲ್ಲ ಎಂದು ಗಿರಾಕಿಗಳ ದೂರು.

ಮೊನ್ನೆ ಚಿಕ್ಕನಂಜಮ್ಮನ ಮನೆಗೆ ಹೋಗಿದ್ದೆ. ಬಾಗಿಲವಾಡದ ಮೇಲೆ ಸೀರೆಯ ತುಂಡು ಹಾಗೆಯೇ ಇತ್ತು. ನನ್ನ ಅಂಗೈಯ ಮಸಿ ಹತ್ತಿ ಎರಡು ಕಡೆ ಕಪ್ಪಗಾಗಿತ್ತು.

"ಬಿಚ್ಚಾಕ್ಲಾ ಅತ್ತೆ?" ಎಂದೆ.

"ಇರ್ಲಿ ಬುಡು. ಅದೇನ್ ಕೇಳ್ತದೆ" ಎಂದಳು. ರೊಟ್ಟಿ ಕೊಟ್ಟಳು. ತಿಂದೆ. ಹೊರಡುವಾಗ ಹೊಸಿಲ ಹತ್ತಿರ ಕಾಲು ತಾನೇ ಎತ್ತರಕ್ಕೆ ಹೋಯಿತು, ಮಲಗಿದವರನ್ನು ದಾಟುವ ಹಾಗೆ. ಬಾಗಿ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆ ಸ್ವಲ್ಪ ಹೊತ್ತು ಬಗ್ಗಿಯೇ ಇತ್ತು. ಹಿಂದಿನಿಂದ ಚಿಕ್ಕನಂಜಮ್ಮ, ಹುಚ್ಚೀರಯ್ಯನ ಮಾತನ್ನೇ ತನ್ನ ದನಿಯಲ್ಲಿ ಅಂದಳು:

"ಹೋಗ್ ಹೋಗು. ಬಸ್ಸು ಕಾಯ್ತದೆ."